ಟೇಪಣ್ಣ ಹೊಟ್ಟೆಯಿಂದ ಉಸಿರಾಡಿದ್ದು

ನನ್ನದು ಬಟ್ಟೆ ಅಂಗಡಿ, ಪಕ್ಕದ ಮಳಿಗೆ ಟೇಪಣ್ಣನದು. ನಡುವೆ ಒಂದು ಗೋಡೆ, ಗೋಡೆಯ ಮೇಲುಗಡೆ ಒಂದು ಗವಾಕ್ಷಿ. ಇಪ್ಪತ್ತೇಳು ವರ್ಷದಿಂದ ಅವನ ಮೆಷಿನ್ನಿನ ಟಕಟಕ ಕೇಳಿಸಿಕೊಂಡೇ ನಾನು ವ್ಯಾಪಾರ ಮಾಡಿದ್ದೇನೆ. ನಾನು ಥಾನಿನಿಂದ ಬಟ್ಟೆ ಹರಿದು ಕೊಡುತ್ತೇನೆ. ಗಿರಾಕಿ ಅದನ್ನು ಕಂಕುಳಲ್ಲಿಟ್ಟುಕೊಂಡು ಮೂರು ಹೆಜ್ಜೆ ಹಾಕಿದರೆ ಟೇಪಣ್ಣನ ಕತ್ತರಿ. ಅವನು ಚೆನ್ನಾಗಿ ಹೊಲಿದರೆ ಜನ 'ಬಟ್ಟೆ ಚೆನ್ನಾಗಿದೆ' ಅನ್ನುತ್ತಾರೆ. ನಾನು ಕೆಟ್ಟ ಬಟ್ಟೆ ಕೊಟ್ಟರೆ 'ಟೈಲರ್ ಕೆಡಿಸಿದ' ಅನ್ನುತ್ತಾರೆ. ಇಂಥ ನೆರೆ ಸಿಗಲು ಪುಣ್ಯ ಮಾಡಿರಬೇಕು.

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿದೆ. ಅಂಗಡಿಯ ಬೋರ್ಡಿನ ಮೇಲೆ ಬರೆಸಿದ್ದ, ಬಿಸಿಲು ತಿಂದು ಹಾಕಿತು. ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರು ಟೇಪಣ್ಣ ಅಂದರು. ಅದು ಮಾತ್ರ ಮಾಸಲಿಲ್ಲ. ಒಮ್ಮೆ ಗುರುತಿನ ಚೀಟಿಗೆ ಫೋಟೊ ತೆಗೆಸುವಾಗಲೂ ಟೇಪು ಕೊರಳಲ್ಲೇ ಇತ್ತು. ಆ ಚೀಟಿ ನೋಡಿದ ಯಾರೂ ಅವನಿಗೆ ಉದ್ಯೋಗ ಏನು ಅಂತ ಕೇಳಿದ್ದಿಲ್ಲ.

ಹೊಲಿದು ಕೊಟ್ಟ ಬಟ್ಟೆ ಸರಿಪಡಿಸಲು ವಾಪಸ್ಸು ಬಂದಿಲ್ಲ ಅನ್ನುವುದು ಅವನ ಹೆಮ್ಮೆ. ಅದರ ಗುಟ್ಟು ನನಗೆ ಗೊತ್ತು. ಗಂಡಸಿನ ಸೊಂಟಕ್ಕೆ ಟೇಪು ತಾಗಿದ ಕೂಡಲೇ ಅವನು ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಾನೆ. ಹೆಡ್‌ಮಾಸ್ತರಾಗಲಿ, ಪೊಲೀಸಾಗಲಿ, ಸೌದೆ ಮಂಡಿಯವನಾಗಲಿ, ಎಳೆದುಕೊಳ್ಳದವನನ್ನು ನಾನು ಕಂಡಿಲ್ಲ. ಟೇಪಣ್ಣ ಬಂದ ಅಂಕಿಗೆ ಒಂದೂವರೆ ಇಂಚು ಸೇರಿಸಿ ಅಳತೆ ಪುಸ್ತಕದಲ್ಲಿ ಬರೆದುಬಿಡುತ್ತಾನೆ. ಅದಕ್ಕೆ ಅವನಿಟ್ಟ ಹೆಸರು 'ಸುಳ್ಳಿನ ಇಂಚು'.

"ಗಿರಾಕಿ ನನ್ ಹತ್ರ ಸುಳ್ಳು ಹೇಳ್ಬಹುದು ಸಾಹುಕಾರ್ರೇ," ಅನ್ನುತ್ತಿದ್ದ, "ಊಟಕ್ಕೆ ಕೂತಾಗ ಪ್ಯಾಂಟಿನ ಹತ್ರ ಹೇಳೋಕಾಗಲ್ಲ."

ಊರಿಗೆಲ್ಲ ಈ ಇಂಚು ಹಂಚಿದವನು ತನಗೆ ಮಾತ್ರ ಹಾಕಿಕೊಂಡಿರಲಿಲ್ಲ. ಮದುವೆಯಾದಾಗ ಅವನ ಸೊಂಟ ಇಪ್ಪತ್ತೊಂಬತ್ತು. ಐವತ್ತಾರನೇ ವಯಸ್ಸಿನಲ್ಲೂ ಪುಸ್ತಕದ ಪ್ರಕಾರ ಇಪ್ಪತ್ತೊಂಬತ್ತು. ಗುಂಡಿ ಹಾಕುವಾಗ ಅವನ ಮುಖ ಕೆಂಪಾಗುವುದನ್ನು ನೋಡಿ ನಾನು ಪುಸ್ತಕವನ್ನು ನಂಬುವುದು ಬಿಟ್ಟಿದ್ದೆ.

ಒಂದು ಗಂಟೆಗೆ ಡಬ್ಬಿ ಬಿಚ್ಚುತ್ತಿದ್ದ. ಒಂದೂ ಹತ್ತಕ್ಕೆ ಮತ್ತೆ ಮೆಷಿನ್ನಿಗೆ. ಕಾಲು ಪೆಡಲಿನ ಮೇಲೆ, ಮೂಗು ಸೂಜಿಯ ಪಕ್ಕ, ಹೊಟ್ಟೆ ಇವೆರಡರ ನಡುವೆ ಎಲ್ಲೋ ಮಡಿಸಿಟ್ಟ ಹಾಗೆ. ಊಟ ಕೆಳಗಿಳಿಯಲು ದಾರಿ ಕಾಣದೆ ಮೇಲಕ್ಕೆ ಹೊರಟಿತು. ಮೊದಮೊದಲು ಹುಳಿತೇಗು. ಆಮೇಲೆ ಎದೆಗೂಡಿನ ನಡುವೆ ಉರಿ. ಕೊನೆಗೆ ಗಂಟಲು ಎಷ್ಟು ಸುಟ್ಟುಹೋಯಿತೆಂದರೆ, ಗವಾಕ್ಷಿಯಲ್ಲಿ ನನ್ನನ್ನು ಕೂಗಿದರೆ ಬಾಗಿಲ ಕೀಲು ಕಿರುಗುಟ್ಟಿದ ಹಾಗೆ ಕೇಳಿಸುತ್ತಿತ್ತು. ಮೂರು ಹೊಲಿಗೆ ಹಾಕಿ ಎದೆ ಹಿಡಿದುಕೊಂಡು ಕೂರುವನು. ಹೋದ ತಿಂಗಳು ಕೊಡಬೇಕಿದ್ದ ಅಂಗಿಗಳು ಕೈಯಿಲ್ಲದೆ ಮೊಳೆಗೆ ನೇತಾಡುತ್ತಿದ್ದವು.

ಅವನ ಹೆಂಡತಿ ಕಡಿಮೆ ಮಾತಿನವಳು. ಆದರೆ ಹೇಳಿದ್ದನ್ನು ಮಾಡುವವಳು. ಒಂದು ದಿನ ಅಂಗಡಿಗೇ ಬಂದು, ನನ್ನನ್ನೂ ಕರೆದು, ಅವನ ಎದುರಿಗೇ ಹೇಳಿದಳು:

"ಅಣ್ಣಾ, ನೀವು ಸಾಕ್ಷಿ. ಇವ್ರು ಎದೆ ಹಿಡ್ಕೊಂಡು ಹೊಲಿಯೋದು ನಂಗೆ ನೋಡೋಕಾಗ್ತಿಲ್ಲ. ಬ್ಯಾಂಡಿನವ್ರ ಆರ್ಡರ್ ಒಪ್ಕೊಂಡಿದಾರೆ, ಅದು ಮುಗೀಲಿ. ಅಷ್ಟರಲ್ಲಿ ಉರಿ ನಿಲ್ತೋ, ಸರಿ. ನಿಲ್ಲಲಿಲ್ವೋ, ಈ ಮೆಷಿನ್ನಿಗೆ ಬಟ್ಟೆ ಮುಚ್ಚಿ ನನ್ ತಮ್ಮನ ಅಂಗಡೀಲಿ ಹೋಗಿ ಕೂತ್ಕೊಳ್ಳಲಿ. ಕುರ್ಚಿ ಇದೆ, ಫ್ಯಾನ್ ಇದೆ, ಬಗ್ಗೋ ಕೆಲಸ ಇಲ್ಲ."

ತಮ್ಮನದು ರೆಡಿಮೇಡ್ ಅಂಗಡಿ. ಅಲ್ಲಿ ಮನುಷ್ಯರು ಮೂರೇ ತರ: ಸಣ್ಣ, ಮಧ್ಯಮ, ದೊಡ್ಡ. ಟೇಪಣ್ಣನ ಮುಖ ನೋಡಿದೆ. ಬಾಣಸಿಗನಿಗೆ ಬಿಸ್ಕತ್ ಪೊಟ್ಟಣ ಒಡೆಯುವ ಕೆಲಸ ಕೊಟ್ಟ ಹಾಗಿತ್ತು.

"ಎಷ್ಟು ದಿನ ಇದೆ ಆರ್ಡರ್ರಿಗೆ?" ಅಂದೆ.

"ಆರು ವಾರ," ಅಂತ ಕಿರುಗುಟ್ಟಿದ.

ಹೊಸ ಬಸ್ ನಿಲ್ದಾಣದ ಉದ್ಘಾಟನೆಗೆ ಊರಿನ ಬ್ಯಾಂಡು ಮೆರವಣಿಗೆ ಹೋಗಬೇಕಿತ್ತು. ಇಪ್ಪತ್ತೆರಡು ಜನ, ಇಪ್ಪತ್ತೆರಡು ಗಾಢ ಕೆಂಪು ಪ್ಯಾಂಟು. ಬಟ್ಟೆ ನನ್ನದೇ. ಹೀಗಾಗಿ ಟೇಪಣ್ಣನ ಆರೋಗ್ಯದ ಬಗ್ಗೆ ನನಗಿದ್ದ ಕಾಳಜಿಯಲ್ಲಿ ಸ್ನೇಹ ಎಷ್ಟು, ಮೂವತ್ತು ಮೀಟರ್ ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ.

ಮೊದಲ ವೈದ್ಯ ಎದುರಿನ ಟೈರ್ ಅಂಗಡಿಯವನು. ಅವನು ದಿನಾ ಬೆಳಗ್ಗೆ ಲಾರಿ ಟೈರ್ ಎತ್ತಿ ಇಳಿಸುವವನು. ಜಗತ್ತಿನ ಎಲ್ಲ ಕಾಯಿಲೆಗೂ ಕಾರಣ ಜನ ಟೈರ್ ಎತ್ತದಿರುವುದು ಅಂತ ನಂಬಿದವನು.

"ಹೊಟ್ಟೆ ಸಡಿಲ ಆಗಿದೆ ಟೇಪಣ್ಣ, ಅದಕ್ಕೇ ಮೇಲೆ ಬರ್ತಿದೆ. ಅಂಗಾತ ಮಲಗು, ಏಳು. ಮಲಗು, ಏಳು. ಐವತ್ತು ಸಲ. ಊಟ ಆದ ಕೂಡ್ಲೇ ಮಾಡ್ಬೇಕು, ಆಗ್ಲೇ ಅಲ್ವಾ ಹೊಟ್ಟೇಲಿ ಶಕ್ತಿ ಇರೋದು!"

ಟೇಪಣ್ಣ ಊಟ ಮುಗಿಸಿ, ಕತ್ತರಿಸುವ ಮೇಜಿನ ಮೇಲೆಯೇ ಮಲಗಿದ. ಟೈರಿನವನು ಕಾಲು ಹಿಡಿದುಕೊಂಡು ಎಣಿಸಿದ. ಹನ್ನೊಂದರವರೆಗೆ ನನಗೆ ಗವಾಕ್ಷಿಯಲ್ಲಿ ಕೇಳಿಸಿತು. ಹನ್ನೆರಡು ಬರಲಿಲ್ಲ. ಓಡಿ ಹೋಗಿ ನೋಡಿದರೆ ಟೇಪಣ್ಣ ಎದೆ ಒತ್ತಿಕೊಂಡು ಬೆವರುತ್ತಿದ್ದಾನೆ, ಟೈರಿನವನು ಅವನಿಗಿಂತ ಹೆಚ್ಚು ಬೆವರುತ್ತಿದ್ದಾನೆ.

"ಸಾಹುಕಾರ್ರೇ, ಹೃದಯ..." ಅಂದ ಟೇಪಣ್ಣ.

ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಎದೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ಡಾಕ್ಟರು ಉದ್ದನೆಯ ಕಾಗದ ನೋಡಿ, "ಹೃದಯ ಚೆನ್ನಾಗಿದೆ. ಆದ್ರೂ ಎದೆ ನೋವು ಅಂದ್ರೆ ಹೀಗೆ ಬಂದು ತೋರಿಸೋದೇ ಸರಿ," ಅಂದರು. ಆಮೇಲೆ ಕೇಳಿದರು, "ಏನ್ ಮಾಡ್ತಿದ್ರಿ ನೋವು ಬಂದಾಗ?"

ಟೇಪಣ್ಣ ಹೇಳಿದ. ಡಾಕ್ಟರು ಟೈರಿನವನ ಕಡೆ ನೋಡಿದರು. ಟೈರಿನವನು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಮಾತ್ರೆ ಬರೆದುಕೊಟ್ಟು, ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ಇದ್ದರು. ನಮ್ಮ ಮಕ್ಕಳ ವಯಸ್ಸು, ನಮ್ಮ ಅಜ್ಜಿಯ ಗದರಿಕೆ.

"ಗಂಟಲಿನ ನಾಳ ಹೊಟ್ಟೆ ಸೇರೋ ಜಾಗದಲ್ಲಿ ಒಂದು ಬಿಗಿ ಇರುತ್ತೆ, ಚೀಲದ ಬಾಯಿಗೆ ದಾರ ಎಳೆದ ಹಾಗೆ," ಅಂದರು. "ನಿಮ್ದು ಸಡಿಲ ಆಗಿದೆ. ಆ ಬಿಗಿಗೆ ಆಸರೆ ಕೊಡೋದು ಎದೆಗೂ ಹೊಟ್ಟೆಗೂ ನಡುವೆ ಇರೋ ಉಸಿರಾಟದ ಸ್ನಾಯು. ಅದನ್ನ ಪಳಗಿಸ್ಬೇಕು. ಮೊದ್ಲು ಆ ಪ್ಯಾಂಟಿನ ಗುಂಡಿ ಬಿಚ್ಚಿ."

"ಇದು ನನ್ ಅಳತೇದೇ ಮೇಡಂ."

"ಯಾವ ವರ್ಷದ ಅಳತೆ?"

ಟೇಪಣ್ಣ ಕೊರಳಿನ ಟೇಪನ್ನು ತೆಗೆದು ಜೇಬಿಗಿಟ್ಟು, ಗುಂಡಿ ಬಿಚ್ಚಿದ.

ಮೇಡಂ ಅವನ ಒಂದು ಕೈಯನ್ನು ಎದೆಯ ಮೇಲೆ, ಇನ್ನೊಂದನ್ನು ಹೊಟ್ಟೆಯ ಮೇಲೆ ಇರಿಸಿದರು. ಮೂಗಿನಿಂದ ನಿಧಾನವಾಗಿ ಉಸಿರು ತೆಗೆದುಕೊಳ್ಳಬೇಕು. ಹೊಟ್ಟೆಯ ಮೇಲಿನ ಕೈ ಏಳಬೇಕು, ಎದೆಯ ಮೇಲಿನದು ಅಲುಗಬಾರದು. ಆಮೇಲೆ ತುಟಿ ಸಣ್ಣ ಮಾಡಿ ಇನ್ನೂ ನಿಧಾನವಾಗಿ ಬಿಡಬೇಕು. ಬೆಳಿಗ್ಗೆ ಸಂಜೆ ಹತ್ತು ಹತ್ತು ನಿಮಿಷ, ಊಟಕ್ಕೆ ಮುಂಚೆ. ಊಟವಾದ ಮೇಲೆ ಕಾಲು ಗಂಟೆ ಮೆಲ್ಲಗೆ ನಡೆಯಬೇಕು. ಓಡುವುದು, ಭಾರ ಎತ್ತುವುದು, ಮಲಗಿ ಏಳುವುದು ಬೇಡ. ಊಟವಾಗಿ ಎರಡು ಗಂಟೆ ಬಗ್ಗಬಾರದು. ಕೆಳಗೆ ಬಿದ್ದದ್ದನ್ನು ಎತ್ತಬೇಕಾದರೆ ಮಂಡಿ ಮಡಿಸಿ ಕೂತು ಎತ್ತಬೇಕು. ಮೆಷಿನ್ನಿಗೆ ಕೂತರೆ ಅರ್ಧ ಗಂಟೆಗೊಮ್ಮೆ ಎದ್ದು, ಗೋಡೆಗೆ ಬೆನ್ನು ಕೊಟ್ಟು, ಭುಜ ಹಿಂದಕ್ಕೆ ಎಳೆಯಬೇಕು. ಮಲಗುವಾಗ ಮಂಚದ ತಲೆಯ ಕಡೆ ಎತ್ತರ, ಎಡ ಮಗ್ಗುಲು.

ಒಂದು ಹಾಳೆಯನ್ನೂ ಕೊಟ್ಟರು. ದಿನಕ್ಕೊಂದು ಮನೆ, ಉರಿ ಬಂದರೆ ಅದರಲ್ಲಿ ಗುರುತು. ಆ ಹಾಳೆ ನೇರವಾಗಿ ಹೆಂಡತಿಯ ಕೈ ಸೇರಿತು.

ಮೊದಲ ವಾರ ನೋಡುವಂತಿತ್ತು. ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗ ಟೇಪಣ್ಣ ಕತ್ತರಿಸುವ ಮೇಜಿನ ಮೇಲೆ ಅಂಗಾತ ಮಲಗಿರುತ್ತಿದ್ದ, ಹೊಟ್ಟೆಯ ಮೇಲೆ ನೂಲಿನ ಉಂಡೆ. ಉಂಡೆ ಏರಬೇಕು, ಇಳಿಯಬೇಕು, ಬೀಳಬಾರದು. ಆದರೆ ಜೀವಮಾನವೆಲ್ಲ ಹೊಟ್ಟೆ ಎಳೆದುಕೊಂಡು ಬದುಕಿದವನಿಗೆ ಅದನ್ನು ಹೊರಗೆ ಬಿಡುವುದೇ ನಾಚಿಕೆ. ಉಸಿರು ಎಳೆದರೆ ಎದೆ ಮುಂದಾಗುವುದು, ಹೊಟ್ಟೆ ಅಡಗಿಕೊಳ್ಳುವುದು, ಉಂಡೆ ಉರುಳಿ ಮೆಷಿನ್ನಿನ ಕೆಳಗೆ ಹೋಗುವುದು.

"ಬಿಡಪ್ಪ ಹೊಟ್ಟೆನಾ," ಅಂದೆ. "ಯಾರೂ ನೋಡ್ತಿಲ್ಲ."

"ನೀವು ನೋಡ್ತಿದೀರಲ್ಲ!"

"ನಾನು ನೋಡಿ ಆಯ್ತು. ಇಪ್ಪತ್ತೊಂಬತ್ತು ಅಲ್ಲ ಅದು."

ಅವನು ನಕ್ಕ. ನಗುವಾಗ ಹೊಟ್ಟೆ ತಾನೇ ಸಡಿಲವಾಯಿತು. ಉಂಡೆ ಮೊದಲ ಸಲ ಸರಿಯಾಗಿ ಮೇಲೆ ಕೆಳಗೆ ಆಡಿತು. "ಬಂತು! ಬಂತು ಸಾಹುಕಾರ್ರೇ!" ಅಂತ ಕೂಗಿದ್ದಕ್ಕೆ, ನನ್ನ ಅಂಗಡಿಯಲ್ಲಿ ಸೀರೆ ನೋಡುತ್ತಿದ್ದ ಹೆಂಗಸರು ಪಕ್ಕದಲ್ಲಿ ಯಾರಿಗೋ ಹೆರಿಗೆಯಾಯಿತೆಂದು ತಿಳಿದರು.

ಮನೆಯ ಸುದ್ದಿ ಅವನ ಹೆಂಡತಿಯೇ ಹೇಳಿದಳು. ಮಂಚದ ತಲೆಯ ಕಡೆ ಎರಡೆರಡು ಇಟ್ಟಿಗೆ ಇಟ್ಟಿದ್ದರಂತೆ. "ಎದ್ದಾಗ ಇಬ್ರೂ ಕಾಲ್ದೆಸೇಲಿ ಗಂಟು ಬಿದ್ದಿರ್ತೀವಿ ಅಣ್ಣಾ, ಇಳಿಜಾರಿನಲ್ಲಿ ಬಿಟ್ಟ ಕುಂಬಳಕಾಯಿ ತರ. ಇನ್ನು ಎಡಕ್ಕೆ ಮಲಗೋದು. ಮದುವೆಯಾದಾಗಿಂದ ನಂಗೆ ಬೆನ್ನು ತೋರಿಸಿ ಮಲಗ್ತಿದ್ರು, ಈಗ ಮುಖ ಈ ಕಡೆ. 'ಫು' ಅಂತ ಉಸಿರು ಬಿಟ್ರೆ ನನ್ ಮುಂಗೂದ್ಲು ಹಾರತ್ತೆ." ಬೈಗುಳದ ದನಿಯಲ್ಲೇ ಹೇಳಿದಳು. ಆದರೆ ವ್ಯಾಪಾರಿಗೆ ದನಿಯ ಕೆಳಗಿನ ದನಿ ಕೇಳಿಸುತ್ತದೆ.

ಮೂರನೇ ವಾರಕ್ಕೆ ಹಾಳೆಯಲ್ಲಿ ಗುರುತು ಕಡಿಮೆಯಾದವು. ದನಿ ಹಿಂತಿರುಗಿತು. ತನಗೊಂದು ಹೊಸ ಪ್ಯಾಂಟು ಹೊಲಿದುಕೊಂಡ. ಅಳತೆ ಎಷ್ಟು ಅಂತ ನಾನು ಕೇಳಲಿಲ್ಲ, ಬಟ್ಟೆ ಎಷ್ಟು ಹಿಡಿಯಿತು ಅನ್ನುವುದು ನನಗೆ ಗೊತ್ತೇ ಇತ್ತು.

ರೋಗಿ ಗುಣವಾಗತೊಡಗಿದರೆ ವೈದ್ಯನಾಗುತ್ತಾನೆ. ಟೇಪಣ್ಣ ಗಿರಾಕಿಗಳಿಗೆಲ್ಲ ಉಸಿರಾಟ ಕಲಿಸಲು ಶುರು ಮಾಡಿದ. ಬ್ಯಾಂಡಿನವರು ಅಳತೆ ಕೊಡಲು ಬಂದದ್ದು ಈ ಸುಗ್ಗಿಯಲ್ಲೇ. ಗವಾಕ್ಷಿಯಲ್ಲಿ ಎಲ್ಲ ಕೇಳಿಸುತ್ತಿತ್ತು.

"ಹೊಟ್ಟೆ ಯಾಕ್ರೀ ಎಳ್ಕೋತೀರಿ? ನನ್ ಹತ್ರ ಏನ್ ನಾಚಿಕೆ? ಬಿಡಿ. ಮೂಗಲ್ಲಿ ಉಸಿರು ತಗೊಳ್ಳಿ... ಇನ್ನೂ... ಹೊಟ್ಟೆ ಉಬ್ಬಲಿ, ಎದೆ ಅಲುಗಬಾರ್ದು... ಹಾಂ, ಹಾಗೇ ಹಿಡ್ಕೊಳ್ಳಿ!"

"ನಾವು ತುತ್ತೂರಿ ಊದೋರು ಟೇಪಣ್ಣ," ಅಂದ ಒಬ್ಬ. "ಹೊಟ್ಟೇಲಿ ಉಸಿರು ತುಂಬೋದು ನಮಗೆ ಹೇಳ್ಕೊಡ್ತೀಯಾ?"

"ಗೊತ್ತಿದ್ರೆ ತೋರ್ಸಿ ಮತ್ತೆ!"

ತೋರಿಸಿದರು. ಊದುವವರು ಪೈಪೋಟಿಗೆ ಬಿದ್ದು ತೋರಿಸಿದರು. ಡ್ರಮ್ಮಿನವರು ತಾವೇನು ಕಡಿಮೆ ಅಂತ ಅವರಿಗಿಂತ ಹೆಚ್ಚು ತೋರಿಸಿದರು. ಟೇಪಣ್ಣ ಇಪ್ಪತ್ತೆರಡು ಉಬ್ಬಿದ ಹೊಟ್ಟೆಗಳಿಗೆ ಟೇಪು ಸುತ್ತಿ ಅಂಕಿ ಬರೆದುಕೊಂಡ. ನನಗೆ ಆಗಲೇ ಏನೋ ಸರಿಯಿಲ್ಲ ಅನ್ನಿಸಿದ್ದು ನಿಜ. ಆದರೆ ಬಟ್ಟೆ ಅಂದಾಜಿಗಿಂತ ಹೆಚ್ಚು ಬೇಕಾಯಿತು ಅಂತ ಇನ್ನೊಂದು ಥಾನು ಬಿಚ್ಚಿಸಿದ; ಅನುಮಾನ ಪಡುವುದಕ್ಕೆ ನನಗೆ ಅಂಥ ಕಾರಣ ಕಾಣಲಿಲ್ಲ.

ಉದ್ಘಾಟನೆಗೆ ನಾಲ್ಕು ದಿನ ಇರುವಾಗ ಪ್ಯಾಂಟುಗಳು ತಯಾರಾದವು. ಅವನ್ನು ಇಸ್ತ್ರಿ ಮಾಡಿ, ಗಂಟು ಕಟ್ಟಿ, ಬ್ಯಾಂಡಿನವರ ಅಭ್ಯಾಸದ ಹಜಾರಕ್ಕೆ ಹೊತ್ತುಕೊಂಡು ಹೋದೆವು. ಉರಿಯ ಹಾಳೆಯಲ್ಲಿ ಹಿಂದಿನ ಹತ್ತು ದಿನದ ಮನೆಗಳು ಖಾಲಿ. ಟೇಪಣ್ಣ ದಾರಿಯುದ್ದಕ್ಕೂ ಸಿಳ್ಳೆ ಹಾಕಿದ. ಹೆಂಡತಿಯೂ ಬಂದಿದ್ದಳು, ಗೆದ್ದ ಗಂಡನನ್ನು ನೋಡಲು.

ಬ್ಯಾಂಡ್ ಮೇಷ್ಟ್ರು ಶಿಸ್ತಿನ ಮನುಷ್ಯ. "ಹಾಕ್ಕೊಂಡೇ ಒಂದು ಸುತ್ತು ಬಾರಿಸಿ ನೋಡೋಣ," ಅಂದರು. ಎಲ್ಲರೂ ಹೊಸ ಪ್ಯಾಂಟು ಹಾಕಿಕೊಂಡು, ಟೇಪಣ್ಣ ಕಲಿಸಿದ ಹಾಗೆ ಹೊಟ್ಟೆ ಉಬ್ಬಿಸಿಕೊಂಡು ಸಾಲಾಗಿ ನಿಂತರು. ನೋಡಲು ಚೆನ್ನಾಗಿಯೇ ಇತ್ತು. ಮೇಷ್ಟ್ರು ಕೋಲು ಎತ್ತಿದರು. ಇಪ್ಪತ್ತೆರಡು ಹೊಟ್ಟೆಗಳಲ್ಲಿ ಉಸಿರು ತುಂಬಿತು. ಪ್ಯಾಂಟು ಸೊಂಟದ ಮೇಲೆ ಸರಿಯಾಗಿ ಕೂತಿತು. ಟೇಪಣ್ಣ ಮೊಣಕೈಯಲ್ಲಿ ನನ್ನನ್ನು ತಿವಿದ.

ಆಮೇಲೆ ಊದಿದರು.

ಆ ರಾಗದ ಶುರುವಿನಲ್ಲೇ ಒಂದು ಉದ್ದನೆಯ ಸ್ವರವಿದೆಯಂತೆ. ಸ್ವರ ಉದ್ದವಾದಷ್ಟೂ ಹೊಟ್ಟೆ ಸಣ್ಣದಾಯಿತು. ಹೊಟ್ಟೆ ಸಣ್ಣದಾದಷ್ಟೂ ಪ್ಯಾಂಟು ಕೆಳಗಿಳಿಯಿತು. ಹಿಡಿದುಕೊಳ್ಳೋಣವೆಂದರೆ ಎರಡು ಕೈಯಲ್ಲೂ ವಾದ್ಯ. ಕ್ಲಾರಿನೆಟ್ಟಿನವನು ಮಂಡಿ ಎರಡನ್ನೂ ಒತ್ತಿ ಹಿಡಿದು ಬಾತುಕೋಳಿಯಂತೆ ನಿಂತ. ಡ್ರಮ್ಮಿನವನು ಜಾಣ, ಡ್ರಮ್ಮನ್ನೇ ಕೆಳಗೆ ಒತ್ತಿ ಪ್ಯಾಂಟು ಹಿಡಿದ. ಆದರೆ ಅದರಿಂದ ಶಬ್ದ ಬರುವುದು ನಿಂತಿತು. ಹಿಂದಿನ ಸಾಲಿನ ದೊಡ್ಡ ಕಹಳೆಯವನು ಮಾತ್ರ ಕಸುಬಿನ ನಿಷ್ಠೆಯವನು. ಸ್ವರವನ್ನು ಕೊನೆಯವರೆಗೂ ಎಳೆದ. ಸ್ವರ ಮುಗಿಯಿತು, ಪ್ಯಾಂಟು ಪಾದಕ್ಕೆ ಬಂತು.

ಟೇಪಣ್ಣನ ಹೆಂಡತಿ ಗೋಡೆಯ ಕಡೆ ತಿರುಗಿ ನಿಂತಳು. ಅವಳ ಭುಜ ಕುಲುಕುತ್ತಿತ್ತು.

"ಏನಯ್ಯಾ ಇದು!" ಮೇಷ್ಟ್ರ ಕೋಲು ಟೇಪಣ್ಣನ ಕಡೆ ತಿರುಗಿತು. "ನಮ್ಮನ್ನ ಊರ ಮುಂದೆ ಬೆತ್ತಲೆ ಮಾಡ್ಬೇಕು ಅಂತಿದೀಯಾ?"

ಟೇಪಣ್ಣ ನೇರವಾಗಿ ಕಹಳೆಯವನ ಹತ್ತಿರ ಹೋಗಿ ಪ್ಯಾಂಟು ಎತ್ತಿ ಸೊಂಟಕ್ಕೆ ಹಿಡಿದ. "ಉಸಿರು ತಗೋ." ತಗೊಂಡ. "ಬಿಡು." ಬಿಟ್ಟ. ಮಧ್ಯೆ ನಾಲ್ಕು ಬೆರಳು ಆರಾಮಾಗಿ ಹೋಯಿತು. ಪುಸ್ತಕ ತೆಗೆದು ಅಂಕಿ ನೋಡಿದ. ಮುಖ ಬೆಳ್ಳಗಾಯಿತು.

"ಸಾಹುಕಾರ್ರೇ," ಅಂದ ಮೆಲ್ಲಗೆ, "ಹೊಟ್ಟೆ ಪೂರ್ತಿ ಉಬ್ಬಿಸಿ ಅಳತೆ ತಗೊಂಡೆ. ಅದಾದ್ಮೇಲೂ ಒಂದೂವರೆ ಇಂಚು ಸೇರ್ಸಿದೀನಿ. ಕೈಗೆ ಅಭ್ಯಾಸ. ಸುಳ್ಳಿಗೆ ಹಾಕ್ತಿದ್ದ ಇಂಚನ್ನ ನಿಜದ ಹೊಟ್ಟೆಗೂ ಹಾಕ್ಬಿಟ್ಟೆ."

ಮೇಷ್ಟ್ರಿಗೆ ಇದು ಅರ್ಥವಾಗಲಿಲ್ಲ, ಅರ್ಥವಾಗದಿದ್ದುದೇ ಒಳ್ಳೆಯದಾಯಿತು. "ಮೂರು ದಿನ," ಅಂದರು. "ಸರಿ ಮಾಡಿ ಕೊಡು. ಇಲ್ಲಾಂದ್ರೆ ಹೋಗಿ ರೆಡಿಮೇಡ್ ತರ್ತೀವಿ."

ರೆಡಿಮೇಡ್ ಅನ್ನುವ ಮಾತು ಹಜಾರದಲ್ಲಿ ಡ್ರಮ್ಮಿಗಿಂತ ಜೋರಾಗಿ ಕೇಳಿಸಿತು. ಈಗ ಹೆಂಡತಿ ಈ ಕಡೆ ತಿರುಗಿದಳು. ನಗು ಹೋಗಿತ್ತು.

ಲೆಕ್ಕ ಸುಲಭ. ಒಂದೊಂದು ಪ್ಯಾಂಟಿಗೂ ಹಿಂದಿನ ಹೊಲಿಗೆ ಬಿಚ್ಚಬೇಕು, ಸೊಂಟಪಟ್ಟಿ ಕತ್ತರಿಸಬೇಕು, ಒಳಗೆ ಹಿಡಿದು ಮತ್ತೆ ಹೊಲಿಯಬೇಕು: ಒಂದು ಗಂಟೆಗೆ ಕಡಿಮೆಯಿಲ್ಲ. ಇಪ್ಪತ್ತೆರಡು ಪ್ಯಾಂಟು, ಮೂರು ಹಗಲು. ಅಂದರೆ ಬೆಳಗ್ಗೆಯಿಂದ ಸಂಜೆಯವರೆಗೆ ಅದೇ ಸ್ಟೂಲು, ಅದೇ ಗೂನು, ಆ ಉರಿ ಹುಟ್ಟಿದ್ದೇ ಆ ಭಂಗಿಯಲ್ಲಿ. ನಡೆಯಲು ಎದ್ದರೆ ಪ್ಯಾಂಟು ಮುಗಿಯದೆ ಉಳಿಯುತ್ತದೆ. ಏಳದಿದ್ದರೆ ಎದೆ ಉರಿಯುತ್ತದೆ, ಅಂಗಡಿ ಹೋಗುತ್ತದೆ.

ದಾರಿಯಲ್ಲಿ ಹೆಂಡತಿ ಒಂದೇ ಮಾತು ಅಂದಳು: "ನಾನು ಹೇಳಿದ್ದು ಹೇಳಿದ್ದೇ. ಆರ್ಡರ್ ಇನ್ನೂ ಮುಗಿದಿಲ್ಲ. ಹಾಳೆ ನನ್ ಹತ್ರ ಇದೆ."

ಮೊದಲ ದಿನ ಟೇಪಣ್ಣ ಏಳದೇ ಹೊಲಿಯಲು ನೋಡಿದ. ಟಕಟಕ ಒಂದೂವರೆ ಗಂಟೆ ನಿಲ್ಲಲಿಲ್ಲ. ನಾನು ಗವಾಕ್ಷಿಯ ಕೆಳಗೆ ಸ್ಟೂಲು ಹಾಕಿ ಹತ್ತಿ ನೋಡಿದೆ: ಮತ್ತೆ ಮೂಗು ಸೂಜಿಗೆ ಮುತ್ತಿಡುತ್ತಿದೆ.

"ಏಳೋ," ಅಂದೆ.

"ಆಮೇಲೆ ಸಾಹುಕಾರ್ರೇ. ಇನ್ನೊಂದು ಮುಗಿಸ್ತೀನಿ."

"ಎದ್ದು ಗೋಡೆಗೆ ಬೆನ್ನು ಕೊಡ್ತೀಯೋ, ಹೋಗಿ ಭಾವಮೈದನ ಕುರ್ಚಿಗೆ ಬೆನ್ನು ಕೊಡ್ತೀಯೋ?"

ತಟ್ಟನೆ ಎದ್ದ.

ಅಲ್ಲಿಂದ ನಾನು ನನ್ನ ಮೀಟರ್ ಕೋಲಿನಿಂದ ಅರ್ಧ ಗಂಟೆಗೊಮ್ಮೆ ಗೋಡೆ ಬಡಿದೆ. ಬಡಿದರೆ ಟಕಟಕ ನಿಲ್ಲಬೇಕು, ನಿಂತು ಹತ್ತು ಸಲ 'ಫು' ಅಂತ ಕೇಳಿಸಬೇಕು. ಕೇಳಿಸದಿದ್ದರೆ ಮತ್ತೆ ಬಡಿಯುತ್ತಿದ್ದೆ. ನನ್ನ ಗಿರಾಕಿಗಳಿಗೆ ಗೋಡೆ ಪರೀಕ್ಷೆ ಮಾಡುತ್ತಿದ್ದೇನೆ ಅಂತ ಹೇಳಿದೆ. ಮಧ್ಯಾಹ್ನ ಊಟ ಅರ್ಧ ಡಬ್ಬಿ, ಆಮೇಲೆ ಅಂಚೆ ಕಚೇರಿಯವರೆಗೆ ನಡಿಗೆ. ನಡೆದು ಬಂದರೂ ಮೆಷಿನ್ನಿಗೆ ಕೂರುವಂತಿಲ್ಲ; ನಿಂತುಕೊಂಡು ಹೊಲಿಗೆ ಬಿಚ್ಚುವ ಕೆಲಸವನ್ನೆಲ್ಲ ಆ ಹೊತ್ತಿಗೇ ಇಟ್ಟುಕೊಂಡ. ಮೇಜಿನ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದೆವು. ಇಟ್ಟಿಗೆ ಟೈರಿನವನು ತಂದ, ಒಂದು ಕೈಯಲ್ಲಿ ನಾಲ್ಕು. ಸಲಹೆ ಮಾತ್ರ ಒಂದೂ ಕೊಡಲಿಲ್ಲ.

ಮೂರನೇ ದಿನ ನಾಲ್ಕು ಗಂಟೆಗೆ ಇಪ್ಪತ್ತೆರಡನೇ ಪ್ಯಾಂಟಿನ ದಾರ ಕಡಿದ. ಕಹಳೆಯವನೇ ಬಂದು ಹಾಕಿಕೊಂಡು, ಬೀದಿಯಲ್ಲಿ ನಿಂತು ತನ್ನ ಉದ್ದನೆಯ ಸ್ವರ ಊದಿ ತೋರಿಸಿದ. ಎದುರಿನ ನಾಯಿ ಓಡಿಹೋಯಿತು, ಪ್ಯಾಂಟು ಕದಲಲಿಲ್ಲ.

ಹೆಂಡತಿ ಹಾಳೆ ಹಿಡಿದುಕೊಂಡು ಬಂದಳು. ಹಿಂದೆ ಅವಳ ತಮ್ಮ, ಸ್ಕೂಟರಿನಲ್ಲಿ. "ಭಾವ, ಕುರ್ಚಿಗೆ ಹೊಸ ದಿಂಬು ಹಾಕ್ಸಿದೀನಿ," ಅಂದ, ಒಳ್ಳೆಯ ಮನಸ್ಸಿನಿಂದಲೇ.

"ಈ ಮೂರು ದಿನ ಉರಿ ಬಂತೇನ್ರೀ?" ಅಂದಳು ಅವಳು.

ನಾನು ಟೇಪಣ್ಣನ ಮುಖವನ್ನೇ ನೋಡಿದೆ. ಅವನಿಗೆ ಉರಿ ಬಂದಿದ್ದರೂ ಅದನ್ನು ನೋಡಿದವರು ಯಾರೂ ಇರಲಿಲ್ಲ. ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ನಾನಾಗಿದ್ದರೆ ಇಲ್ಲ ಅನ್ನುತ್ತಿದ್ದೆ, ಅದರಲ್ಲಿ ಸಂಶಯವಿಲ್ಲ.

"ಒಂದ್ಸಲ," ಅಂದ. "ನಿನ್ನೆ. ಊಟ ಆದ್ಮೇಲೆ ಗುಂಡುಸೂಜಿ ಬಿತ್ತು. ಎತ್ತೋಕೆ ಬಗ್ಗಿದೆ."

ನನ್ನ ಎದೆ ಉರಿಯಿತು.

"ಮಂಡಿ ಮಡ್ಸಿ ಎತ್ತಿ ಅಂತ ಮೇಡಂ ಹೇಳಿರ್ಲಿಲ್ವಾ?"

"ಹೇಳಿದ್ರು."

"ಮತ್ಯಾಕೆ ಬಗ್ಗಿದ್ರಿ?"

"ಸೂಜಿ ಹತ್ರಾನೇ ಇತ್ತು ಕಣೆ."

ಅವಳು ಜಡೆಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, ನಿನ್ನೆಯ ಮನೆಯಲ್ಲಿ ಒಂದು ಗುರುತು ಹಾಕಿ, ಹಾಳೆ ಮಡಿಸಿದಳು.

"ನೀನು ಹೋಗಪ್ಪ," ಅಂದಳು ತಮ್ಮನಿಗೆ. "ಮೂರು ದಿನ ಮೆಷಿನ್ ತುಳಿದ್ರೂ ಉರಿ ಬರ್ಲಿಲ್ಲ, ಒಂದು ಸೂಜಿಗೆ ಬಗ್ಗಿದ್ದಕ್ಕೆ ಬಂತು. ಈ ಮನುಷ್ಯ ನಿನ್ ಅಂಗಡೀಲಿ ಕೂತ್ರೂ ಸೂಜಿ ಹುಡುಕ್ಕೊಂಡು ಬಗ್ತಾರೆ. ಅಲ್ಲಿ ನೋಡ್ಕೊಳ್ಳೋಕೆ ಯಾರಿದಾರೆ? ಇಲ್ಲಾದ್ರೆ ಗೋಡೆ ಬಡಿಯೋಕೆ ಅಣ್ಣ ಇದಾರೆ."

"ಅಕ್ಕಾ, ದಿಂಬು..."

"ನೀನೇ ಕೂತ್ಕೋ ಅದರ ಮೇಲೆ. ನಿಂಗೂ ಹೊಟ್ಟೆ ಬರ್ತಿದೆ."

ಷರತ್ತನ್ನೂ ಅಲ್ಲೇ ಹೇಳಿದಳು: ಮಧ್ಯಾಹ್ನ ಒಂದರಿಂದ ಮೂರರವರೆಗೆ ಮಳಿಗೆಯ ಬಾಗಿಲು ಮುಚ್ಚಬೇಕು, ಬೀಗದ ಕೈ ನನ್ನ ಹತ್ತಿರ ಇರಬೇಕು. ಸಂಬಳವಿಲ್ಲದ ಕೆಲಸವೊಂದು ನನ್ನ ತಲೆಗೆ ಬಂತು ಅಂತ ಗೊತ್ತಾಗುವಷ್ಟರಲ್ಲಿ ಅವಳು ಡಬ್ಬಿ ಎತ್ತಿಕೊಂಡು ಹೊರಟಾಗಿತ್ತು. ಟೇಪಣ್ಣ ಮೆಷಿನ್ನಿನ ತಲೆಯನ್ನು ಬಟ್ಟೆಯಿಂದ ಒರೆಸಿದ, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದ. ನಾನು ನನ್ನ ಅಂಗಡಿಗೆ ಬಂದೆ.

ಬ್ಯಾಂಡು ಮೆರವಣಿಗೆ ಹೋಯಿತು. ಊರವರು ತುತ್ತೂರಿಯ ಬಗ್ಗೆ ಮಾತಾಡಿದರು, ಬಸ್ ನಿಲ್ದಾಣದ ಸೋರುವ ಚಾವಣಿಯ ಬಗ್ಗೆ ಮಾತಾಡಿದರು. ಪ್ಯಾಂಟಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಟೈಲರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಈಗಲೂ ಮಧ್ಯಾಹ್ನ ಬಾಗಿಲು ಮುಚ್ಚಿರುತ್ತದೆ. ಅವಸರದ ಗಿರಾಕಿಗಳು ಬಂದು ಬೀಗ ಅಲ್ಲಾಡಿಸಿ ನನ್ನನ್ನು ಕೇಳುತ್ತಾರೆ, ಟೈಲರ್ ಎಲ್ಲಿ ಅಂತ. ಮೊನ್ನೆ ಹೆಡ್‌ಮಾಸ್ತರು ಬಂದಿದ್ದರು, ಕೈಯಲ್ಲಿ ನನ್ನದೇ ಬಟ್ಟೆ, ಏದುಸಿರು.

"ಅಂಚೆ ಕಚೇರಿ ತಿರುವಲ್ಲಿ ಸಿಗ್ತಾನೆ ಸಾರ್," ಅಂದೆ. "ಪಕ್ಕದಲ್ಲೇ ನಡ್ಕೊಂಡು ಮಾತಾಡಿ, ಕೇಳಿಸ್ಕೋತಾನೆ. ಆದ್ರೆ ಮೆಲ್ಲಗೆ ಹೋಗಿ. ಜೊತೇಲಿ ಯಾರಾದ್ರೂ ಬಿರಬಿರ ನಡೆದ್ರೆ ಆರ್ಡರ್ ತಗೊಳ್ಳಲ್ಲ."